ಡ್ರೈವರ್ ಹಿಂದಿನ ಸೀಟು

ನಮ್ಮ ಕಾರಿನ ಎಡಗಡೆ ಸೀಟಿನ ಮುಂದೆ ಹಾಸಿರುವ ರಬ್ಬರ್ ಮ್ಯಾಟಿನಲ್ಲಿ ಒಂದು ತೂತಿದೆ. ಡ್ರೈವರ್ ಕೂರುವ ಕಡೆ ತೂತು ಬಿದ್ದರೆ ಯಾರೂ ಯಾಕೆಂದು ಕೇಳುವುದಿಲ್ಲ, ಅಲ್ಲಿ ಕಾಲಿಗೆ ಕೆಲಸವಿರುತ್ತದೆ. ಸುಮ್ಮನೆ ಕೂತು ಹೋಗುವವನ ಕಡೆ, ಅದೂ ಸರಿಯಾಗಿ ಬಲಗಾಲು ಊರುವ ಜಾಗದಲ್ಲಿ ತೂತು ಬಿದ್ದರೆ ಏನು ಹೇಳುತ್ತೀರಿ? ಮೊನ್ನೆ ಕಾರು ತೊಳೆಯುವಾಗ ನನ್ನ ಹೆಂಡತಿ ಸರೋಜ ಆ ಮ್ಯಾಟನ್ನು ಎತ್ತಿ ಬಿಸಿಲಿಗೆ ಹಿಡಿದು, ತೂತಿನೊಳಗಿಂದ ನನ್ನನ್ನು ನೋಡಿ, "ಇಷ್ಟು ಬ್ರೇಕ್ ಒತ್ತಿದ್ರೂ ಗಾಡಿ ನಿಲ್ಲಲಿಲ್ಲ ನೋಡ್ರಿ" ಎಂದಳು.

ಒಪ್ಪಿಕೊಂಡುಬಿಡುತ್ತೇನೆ. ನಾನು ಬಸ್ ಡ್ರೈವರಾಗಿದ್ದವನು. ಮೂವತ್ತು ವರ್ಷಕ್ಕೆ ಸ್ವಲ್ಪ ಕಡಿಮೆ ಸ್ಟೀರಿಂಗ್ ಹಿಡಿದೆ. ಅದರಲ್ಲಿ ಬಹುಪಾಲು ದಾವಣಗೆರೆಯಿಂದ ಕುಮಟಾಕ್ಕೆ ಹೋಗುವ ಗಾಡಿಯಲ್ಲೇ ಕಳೆಯಿತು. ಬೆಳಿಗ್ಗೆ ಹೊರಟರೆ ಹರಿಹರ, ರಾಣೆಬೆನ್ನೂರು, ಹಾವೇರಿ, ಶಿರಸಿ, ಆಮೇಲೆ ಘಾಟಿ ಇಳಿದು ಕುಮಟಾ. ಮರುದಿನ ಅದೇ ದಾರಿಯಲ್ಲಿ ವಾಪಸು. ಅಂಥವನು ಈ ಕಾರಿನಲ್ಲಿ ಎಡಗಡೆ ಕೂತೆ, ಬಲಗಡೆ ಸರೋಜ ಕೂತಳು. ಕೈ ಸ್ಟೀರಿಂಗ್ ಬಿಟ್ಟಿತು, ಕಾಲು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು.

ನಾನು ಗಾಡಿ ಬಿಟ್ಟದ್ದು ಯಾಕೆ ಎಂದು ಯಾರಾದರೂ ಕೇಳಿದರೆ, "ಬೆನ್ನುನೋವು" ಎನ್ನುತ್ತಿದ್ದೆ. ಡ್ರೈವರ್‌ಗಳಿಗೆ ಬೆನ್ನುನೋವು ಗೌರವದ ಕಾಯಿಲೆ, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಜೊತೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಸ್ವಲ್ಪ ಮಂಜು, ಕಾರನ್ನೂ ಓಡಿಸಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಮನೆಯಲ್ಲಿ ತಿಳಿಸಿದ್ದೆ. 'ಸ್ವಲ್ಪ' ಎಂಬ ಮಾತಿನ ಹಿಂದೆ ಎಷ್ಟು ಅಡಗಿಸಿಡಬಹುದು ಎಂಬುದು ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಸರೋಜಳ ತಮ್ಮ ಹೊಸ ಕಾರು ತಗೊಂಡು ತನ್ನ ಹಳೇ ಕೆಂಪು ಕಾರನ್ನು ನಮಗೆ ಕೊಟ್ಟ. ಅದು ಆರು ತಿಂಗಳು ಮನೆ ಮುಂದೆ ನಿಂತು, ಬಾನೆಟ್ ಮೇಲೆ ಓಣಿಯ ಬೆಕ್ಕುಗಳು ಮಲಗುವುದು ರೂಢಿಯಾಯಿತು. ಒಂದು ದಿನ ಸರೋಜ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು, "ನಾ ಕಲಿತೀನಿ" ಎಂದಳು. ಐವತ್ತಮೂರು ವಯಸ್ಸು ಅವಳಿಗೆ. ನಾನು ನಕ್ಕೆ. ನಗಬಾರದಿತ್ತು.

ನಮ್ಮ ಓಣಿಯ ಕೊನೆಯ ಮನೆಯ ಜಬೀನಾ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಗಟ್ಟಿ ಹುಡುಗಿ. ಹದಡಿ ರಸ್ತೆಯಲ್ಲಿ ಮೊದಲ ದಿನದ ಪಾಠಕ್ಕೆ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಸರೋಜ ಗೇರ್ ಹಾಕುವ ಮೊದಲೇ ನಾನು ನಾಲ್ಕು ಸಲ "ಕ್ಲಚ್, ಕ್ಲಚ್" ಎಂದಿದ್ದೆ. ಜಬೀನಾ ಎಂಜಿನ್ ಆಫ್ ಮಾಡಿಸಿ, ಹಿಂದೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದಳು: "ಅಂಕಲ್, ಅಲ್ಲಿ ಚಾದಂಗಡಿ ಐತೆ ನೋಡ್ರಿ. ಅಲ್ಲಿ ಕೂಡ್ರಿ. ಮುಗಿದ ಮ್ಯಾಲೆ ಬಂದು ಕರ್ಕೊಂಡು ಹೋಗ್ತೀವಿ."

ಚಾದಂಗಡಿಯ ಬೆಂಚಿನ ಮೇಲೆ ಕೂತು, ನನ್ನ ಹೆಂಡತಿ ಕೆಂಪು ಕಾರಿನಲ್ಲಿ ಆ ಕಡೆ ಈ ಕಡೆ ಹೋಗುವುದನ್ನು ಹದಿನೈದು ದಿನ ನೋಡಿದೆ. ನಿಜ ಹೇಳಬೇಕೆಂದರೆ ಅವಳ ಕ್ಲಚ್ ನನ್ನದಕ್ಕಿಂತ ನಯ. ಮೂವತ್ತು ವರ್ಷ ರವಿಕೆ, ಲಂಗ ಹೊಲಿಯುತ್ತಾ ಯಂತ್ರ ತುಳಿದ ಕಾಲು ಅದು. ಎಷ್ಟು ತುಳಿದರೆ ಎಷ್ಟು ಓಡುತ್ತದೆ ಎಂಬ ಲೆಕ್ಕ ಆ ಕಾಲಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಲೈಸೆನ್ಸ್ ಬಂದ ದಿನ ಅದನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಸರೋಜ ಕೇಳಿದಳು: "ಸಮುದ್ರದ ಕಡೆ ಹೋಗೋಣ್ರಿ. ಅವಸರ ಬ್ಯಾಡ. ಎಲ್ಲಿ ಚಂದ ಅನಿಸ್ತತೋ ಅಲ್ಲಿ ನಿಂತು, ನೋಡಿ, ಉಂಡು ಹೋಗೋಣ."

ಇಲ್ಲಿ ನಾನು ಇನ್ನೊಂದು ಸಂಗತಿ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಹೊಳೆ ದಂಡೆಯ ಹುಡುಗ. ಮೂರನೇ ಇಯತ್ತೆಯಲ್ಲಿದ್ದಾಗ ಹೊಸ ಚಪ್ಪಲಿಯ ಒಂದು ಕಾಲು ತುಂಗಭದ್ರೆಯಲ್ಲಿ ತೇಲಿಹೋಯಿತು. ಅವ್ವ ಉಳಿದ ಇನ್ನೊಂದು ಕಾಲಿನಿಂದಲೇ ಎರಡು ಬಿಗಿದಳು. ನಾನು ಅಳುತ್ತಾ ಶಾಲೆಗೆ ಹೋದರೆ ಮೇಷ್ಟ್ರು, "ಹೊಳೆಗೆ ಬಿದ್ದದ್ದು ಎಲ್ಲೂ ಹೋಗಲ್ಲೋ, ಸಮುದ್ರಕ್ಕೆ ಹೋಗ್ತದೆ" ಎಂದು ಸಮಾಧಾನ ಮಾಡಿದರು. ಎಷ್ಟೋ ವರ್ಷದ ಮೇಲೆ ನನಗೆ ಕುಮಟಾ ರೂಟು ಸಿಕ್ಕಿತೆಂದು ಹೇಳಿದಾಗ ಅವ್ವ ಕೇಳಿದ ಮೊದಲ ಮಾತು, "ನಿನ್ನ ಚಪ್ಪಲಿ ಸಿಗ್ತೈತೇನು ನೋಡಪ್ಪ" ಎಂದೇ. ನಮ್ಮ ಹೊಳೆ ಹರಿಯುವುದು ಮೂಡಲ ದಿಕ್ಕಿಗೆ, ಸೇರುವುದು ಬೇರೆ ಸಮುದ್ರಕ್ಕೆ ಎಂದು ಅವ್ವನಿಗೆ ನಾನು ಹೇಳಲಿಲ್ಲ. ಅಷ್ಟು ವರ್ಷ ಒಂದೇ ಸಮುದ್ರ ಎಂದುಕೊಂಡಿದ್ದ ಜೀವ ಅದು.

ಆದರೆ ಅವ್ವನಿಗೂ ಸರೋಜಳಿಗೂ ಹೇಳದೇ ಇದ್ದ ದೊಡ್ಡ ಸಂಗತಿ ಬೇರೆಯೇ ಇತ್ತು. ಅಷ್ಟು ವರ್ಷ ಕುಮಟಾಕ್ಕೆ ಹೋದರೂ ನಾನು ಸಮುದ್ರವನ್ನು ನೋಡಿರಲಿಲ್ಲ! ನಂಬುವುದು ಕಷ್ಟ. ಬಸ್ ಸ್ಟ್ಯಾಂಡಿನಿಂದ ಎರಡು ಮೂರು ಕಿಲೋಮೀಟರು ಇರಬಹುದು. ಗಾಡಿ ನಿಲ್ಲಿಸುವಷ್ಟರಲ್ಲಿ ಮೈಯೆಲ್ಲ ಬೆವರು. ಕ್ಯಾಂಟೀನಿನಲ್ಲಿ ಉಂಡು, ವಿಶ್ರಾಂತಿ ಕೋಣೆಯಲ್ಲಿ ಫ್ಯಾನಿನ ಕೆಳಗೆ ಅಡ್ಡಾದರೆ ಸಂಜೆ. 'ಮುಂದಿನ ಸಲ ಹೋದರಾಯಿತು, ಎಲ್ಲಿಗೆ ಓಡಿಹೋಗ್ತದೆ ಸಮುದ್ರ' ಎಂದು ಮಗ್ಗುಲಾಗುತ್ತಿದ್ದೆ. ಹಾಗೆ ಮಗ್ಗುಲಾಗುತ್ತಲೇ ಸರ್ವಿಸ್ ಮುಗಿಯಿತು. ಯಾತ್ರಿಕರು ಬಂದು "ಮಿರ್ಜಾನ ಕೋಟೆಗೆ ಬಸ್ ಎಲ್ಲಿ ನಿಲ್ತದೆ?" ಎಂದರೆ ಕೈ ತೋರಿಸುತ್ತಿದ್ದೆ. "ನೋಡೋ ಹಂಗೈತಾ?" ಎಂದು ಕೇಳಿದರೆ, "ಬಿಡಬಾರ್ದು ಸರ್, ನೋಡ್ಲೇಬೇಕು" ಎಂದು, ನಾನೇ ನೋಡದ ಕೋಟೆಗೆ ಶಿಫಾರಸು ಬೇರೆ. ಮನೆಯಲ್ಲಿ ಸರೋಜ ಸಮುದ್ರ ಹೇಗಿದೆಯೆಂದು ಕೇಳಿದಾಗಲೆಲ್ಲ, "ನಮ್ಮ ಕೆರೀನೇ ಅನ್ಕೋ, ಆ ಕಡೆ ದಂಡೆ ಒಂದಿಲ್ಲ" ಎಂದು ಹೇಳಿ ತೂಗಿಸಿದ್ದೆ.

ಮಳೆಗಾಲ ಮುಗಿದು ರಸ್ತೆ ಒಣಗಿದ ಮೇಲೆ ಹೊರಟೆವು. ಡಬ್ಬಿ ತುಂಬಾ ಖಾರ ಮಂಡಕ್ಕಿ, ನನ್ನ ಮಾತ್ರೆಗಳು, ಎರಡು ದಿಂಬು. ಮೊದಲ ನಿಲುಗಡೆ ಹರಿಹರೇಶ್ವರನ ಗುಡಿ. ಊರಿನ ಗುಡಿಯಾದ್ದರಿಂದ ನಾನು ಅದನ್ನು ಎಂದೂ ನಿಂತು ನೋಡಿದವನಲ್ಲ. ಸಣ್ಣವನಿದ್ದಾಗ ಆ ನುಣುಪು ಕಂಬಗಳ ಸುತ್ತ ಮುಟ್ಟಾಟ ಆಡಿದ್ದೇ ಹೆಚ್ಚು. ಅರ್ಧ ಹರಿ, ಅರ್ಧ ಹರನಾಗಿ ನಿಂತ ದೇವರ ಮುಂದೆ ಸರೋಜ ಬಹಳ ಹೊತ್ತು ಕೈಮುಗಿದು ನಿಂತಳು. ಹೊರಗೆ ಬಂದು, "ನೋಡ್ರಿ, ಇಬ್ರು ಒಂದೇ ಮೈಯಾಗ ಅದಾರ. ಒಬ್ರಾದ್ರೂ ಇನ್ನೊಬ್ರಿಗೆ ಬ್ರೇಕ್, ಬ್ರೇಕ್ ಅಂತಾರಾ?" ಎಂದಳು. ಹರಿಹರದವನಾದ ನನಗೇ ಹರಿಹರನ ಅರ್ಥ ಹೇಳಿಕೊಟ್ಟಳು.

ರಾಣೆಬೆನ್ನೂರು, ಹಾವೇರಿಯವರೆಗೆ ದೊಡ್ಡ ರಸ್ತೆ, ನಾನು ಹೇಗೋ ಸುಮ್ಮನಿದ್ದೆ. ಶಿರಸಿಯ ದಾರಿ ಹಿಡಿದ ಮೇಲೆ ನನ್ನ ಬಾಯಿ ತೆರೆಯಿತು. "ಎಡಕ್ಕ ಭಾಳ ಬಂದಿ." "ಎಡಗಡೆ ಕಾಲುವೆ ಐತೆ." "ಎಡಗಡೆ ಸೈಕಲ್ಲು!" ಸೈಕಲ್ ಇರಲಿಲ್ಲ, ಕಿಲೋಮೀಟರ್ ಕಲ್ಲು. ಅಂದು ಶಿರಸಿಯಲ್ಲಿ ಉಳಿದೆವು. ಲಾಡ್ಜಿನ ಕೋಣೆಯಲ್ಲಿ ಸರೋಜ ಎರಡೂ ಕೈ ನೀವಿಕೊಳ್ಳುತ್ತಾ, "ಗಾಡಿಗಿಂತ ನೀವೇ ಭಾರ ಆದ್ರಿ" ಎಂದಳಷ್ಟೇ. ಅದು ತಮಾಷೆಯಾಗಿರಲಿಲ್ಲ. ನನಗೆ ತಿಳಿಯಿತು, ಆದರೂ ತಿಳಿಯದವನಂತೆ ಮಂಡಕ್ಕಿ ತಿಂದೆ.

ಮರುದಿನ ಬೆಳಿಗ್ಗೆ ದೇವಿಮನೆ ಘಾಟಿ. ಅಲ್ಲಿನ ದೇವಿಯ ಗುಡಿಯ ಹತ್ತಿರ ನಿಂತು ಕೈಮುಗಿದೆವು, ಆ ದಾರಿಯ ಡ್ರೈವರ್‌ಗಳೆಲ್ಲ ಹಾಗೆ ಮಾಡುತ್ತಾರೆ. ಆಮೇಲೆ ಇಳಿಜಾರು ಶುರುವಾಯಿತು. ಸರೋಜ ಎರಡನೇ ಗೇರಿನಲ್ಲಿ, ರವಿಕೆಯ ತೋಳಿನ ಬಳಸು ಹೊಲಿಯುವ ಹಾಗೆ, ಒಂದೊಂದೇ ತಿರುವನ್ನು ಮೆಲ್ಲಗೆ ತಿರುವುತ್ತಿದ್ದಳು. ನನ್ನ ಪಕ್ಕದಲ್ಲಿ ರಸ್ತೆಯ ಅಂಚು ಎಲ್ಲಿದೆ, ಕಣಿವೆ ಎಲ್ಲಿ ಶುರುವಾಗುತ್ತದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದೆಲ್ಲ ಪ್ರಪಾತವೇ ಎನ್ನಿಸುತ್ತಿತ್ತು. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಅವಳು ಸರಿಯಾಗಿಯೇ ಎಡಕ್ಕೆ ತಗೊಂಡಳು. ನಾನು "ಬಿದ್ವಿ! ಬಿದ್ವಿ!" ಎಂದು ಕಿರುಚಿ ಸ್ಟೀರಿಂಗ್‌ಗೆ ಕೈ ಹಾಕಿಬಿಟ್ಟೆ.

ಕಾರು ಓಲಾಡಿತು. ಲಾರಿ ಪಕ್ಕದಲ್ಲೇ ಉಜ್ಜುವಂತೆ ಹೋಯಿತು. ಸರೋಜ ನನ್ನ ಕೈಯನ್ನು ಮೊಣಕೈಯಿಂದ ನೂಕಿ, ಸ್ಟೀರಿಂಗ್ ನೆಟ್ಟಗೆ ಮಾಡಿ, ಮುಂದೆ ಅಗಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿದಳು. ಹ್ಯಾಂಡ್ ಬ್ರೇಕ್ ಎಳೆದಳು. ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ತಗೊಳ್ರಿ. ನೀವೇ ಹೊಡೀರಿ. ನಾ ಎಡಗಡೆ ಕೂಡ್ತೀನಿ."

"ಡಾಕ್ಟ್ರು ಬ್ಯಾಡ ಅಂದಾರಲ್ಲ."

"ಸ್ವಲ್ಪ ಮಂಜು ಅಂದಿದ್ರಿ. ಎರಡು ತಿರುವು ಹೊಡೀರಿ, ನಾ ನೋಡ್ತೀನಿ. ಇಲ್ಲಾ, ನಾ ಹೊಡಿಯೋವಾಗ ಸುಮ್ನಿರ್ರಿ. ಇವತ್ತು ಇಬ್ರೂ ಸಾಯ್ತಿದ್ವಿ, ಗೊತ್ತಾತಾ ನಿಮಗ?"

ಕೀಲಿ ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಕಾಡಿನಲ್ಲಿ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ನಾನು ಎದುರಿನ ಗಾಜನ್ನೇ ನೋಡುತ್ತಾ ಹೇಳಿದೆ: "ಸರೋಜಾ, ಎಡಗಣ್ಣು ಪೂರ್ತಿ ಹೋಗೇತಿ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ, ಎಲ್ಲ ಹೇಳಿದೆ. ಕೊನೆಯ ದಿನದ ಡ್ಯೂಟಿಯಲ್ಲಿ, ಶಿರಸಿ ದಾಟಿದ ಮೇಲೆ ಒಂದು ಹಳ್ಳಿಯ ನಿಲುಗಡೆಯಲ್ಲಿ ಬಸ್ಸನ್ನು ಎಡಕ್ಕೆ ಎಳೆದಿದ್ದೆ. ಕಂಡಕ್ಟರ್ ಹುಯ್ಯೆಂದ. ಅಲ್ಲೊಬ್ಬಳು ಮುದುಕಿ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದಳು. ನನ್ನ ಲೆಕ್ಕದಲ್ಲಿ ಅಲ್ಲಿ ಯಾರೂ ಇರಲಿಲ್ಲ. ಬಸ್ಸಿನ ಕನ್ನಡಿ ಬುಟ್ಟಿಗೆ ತಾಗಿ ಬದನೆಕಾಯಿಗಳು ರಸ್ತೆ ತುಂಬಾ ಉರುಳಿದವು. ಇನ್ನೊಂದು ಗೇಣು ಈಚೆ ನಿಂತಿದ್ದರೆ ಬುಟ್ಟಿಯಲ್ಲ, ತಲೆ. ನಾನು ಇಳಿದು, ರಸ್ತೆಯಲ್ಲಿ ಕೂತು, ಒಂದೊಂದೇ ಬದನೆಕಾಯಿ ಆರಿಸಿ ಬುಟ್ಟಿಗೆ ಹಾಕಿದೆ. "ನೀ ಏನ್ ಬೇಕಂತ ಮಾಡೀಯೇನಪ್ಪ" ಎಂದು ಆ ಮುದುಕಿ ನನ್ನನ್ನೇ ಸಮಾಧಾನ ಮಾಡಿದಳು. ಅವಳು ಬೈದಿದ್ದರೆ ನಾನು ಬಹುಶಃ ಇನ್ನೊಂದು ವರ್ಷ ಗಾಡಿ ಓಡಿಸುತ್ತಿದ್ದೆ. ಊರಿಗೆ ಬಂದವನೇ ಕೆಲಸ ಬಿಡುತ್ತೇನೆಂದು ಡಿಪೋದಲ್ಲಿ ಬರೆದುಕೊಟ್ಟೆ. ಮನೆಗೆ ಬಂದು ಬೆನ್ನುನೋವು ಎಂದೆ.

ಸರೋಜ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಅವಳು ಹೇಳಿದ್ದು ನಾನು ಎಣಿಸಿದ ಮಾತಾಗಿರಲಿಲ್ಲ.

"ಎಡಗಡೆ ಇಟ್ಟ ಚಾ ಲೋಟ ದಿನಾ ಕೆಡವ್ತಿದ್ರಿ. ಕೈಯಾಗ ಖಬರ್ ಇಲ್ಲ, ಮನಸ್ಸು ಎಲ್ಲೋ ಇರ್ತದೆ ಅಂತ ಬಾಯಿಗೆ ಬಂದಂಗೆ ಬೈದೆನಲ್ರೀ. ಎರಡು ವರ್ಷ ಬೈದೆ."

"ಬೈಸ್ಕೊಳ್ಳೋದು ಸುಲಭ ಇತ್ತು" ಎಂದೆ.

"ನನಗೆ ಸುಲಭ ಇರಲಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. ಸಿಟ್ಟು ನ್ಯಾಯವಾದದ್ದೇ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು, ಇಂಥದ್ದನ್ನು ಕಾಡಿನ ನಡುವೆ ಕೇಳಬೇಕಾಯಿತು ಅವಳಿಗೆ.

ಮೂಗು ಒರೆಸಿಕೊಂಡು ಕಾರಿನಿಂದ ಇಳಿದು, ನನ್ನ ಕಡೆಯ ಬಾಗಿಲು ತೆರೆದಳು. "ಇಳೀರಿ. ಕಾಣದ ಕಡೆನೇ ಕುಂತು ಕಾಣಂಗಿಲ್ಲ ಅಂತ ಕಿರುಚಿದ್ರೆ ಹೆಂಗೆ? ಹಿಂದೆ ಬರ್ರಿ. ಬಲಗಡೆ, ನನ್ನ ಹಿಂದ ಕೂಡ್ರಿ."

ಇಷ್ಟು ಸರಳವಾದದ್ದು ನನಗೆ ಎರಡು ವರ್ಷದಲ್ಲಿ ಹೊಳೆದಿರಲಿಲ್ಲ ನೋಡಿ. ಡ್ರೈವರ್ ಹಿಂದಿನ ಸೀಟಿನಲ್ಲಿ, ಬಲಗಡೆಯ ಕಿಟಕಿಗೆ ಬಲಗಣ್ಣು ಕೊಟ್ಟು ಕೂತೆ. ಜಗತ್ತು ಒಂದೇ ಏಟಿಗೆ ವಾಪಸು ಬಂತು. ಅಷ್ಟು ವರ್ಷ ನಾನು ಓಡಾಡಿದ ಘಾಟಿಯಲ್ಲಿ ಒಂದು ಸಣ್ಣ ಝರಿ ಇದೆ, ಬಂಡೆಯೊಂದನ್ನು ಅಪ್ಪಿಕೊಂಡು ಬೆಳೆದ ಮರವಿದೆ ಎಂದು ಅವತ್ತು ಗೊತ್ತಾಯಿತು. ಡ್ರೈವರ್‌ಗೆ ಕಾಣುವುದು ರಸ್ತೆಯೊಂದೇ. ಪ್ರಯಾಣಿಕರಿಗೆ ಕಾಣುವ ಘಾಟಿಯೇ ಬೇರೆ. ನನ್ನ ಬೆನ್ನ ಹಿಂದೆ ಕೂತು ಸಾವಿರಾರು ಜನ ಇದನ್ನೆಲ್ಲ ನೋಡಿಕೊಂಡು ಹೋಗಿದ್ದಾರಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಕುಮಟಾದಲ್ಲಿ ಮೊದಲು ಹೋದದ್ದು ಬಸ್ ಸ್ಟ್ಯಾಂಡಿನ ಕ್ಯಾಂಟೀನಿಗೇ. ಹಳೇ ಅಭ್ಯಾಸ. ಗಲ್ಲಾಪೆಟ್ಟಿಗೆಯ ಮುಂದಿದ್ದ ಭಟ್ಟರು ಗುರುತು ಹಿಡಿದರು. ಅವರಿಗೆ ನನ್ನ ಹೆಸರು ಯಾವತ್ತೂ ಗೊತ್ತಿರಲಿಲ್ಲ, ನಾವೆಲ್ಲ ನಮ್ಮ ಊರಿನ ಹೆಸರಿನಿಂದಲೇ ಅವರಿಗೆ ಪರಿಚಯ. "ಓಹೋ, ದಾವಣಗೆರೆ! ಎಷ್ಟು ವರ್ಷ ಆಯ್ತು? ಯಾವ ಗಾಡಿ ತಂದ್ರಿ ಇವತ್ತು?" ಎಂದರು.

"ಗಾಡಿ ನಂದಲ್ಲ. ಇವ್ರು ನಮ್ಮ ಡ್ರೈವರ್" ಎಂದು ಸರೋಜಳನ್ನು ತೋರಿಸಿದೆ.

ಭಟ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಘಾಟಿ ಇಳಿಸಿದ್ದು ಇವ್ರೇಯಾ?" ಎಂದು ಕೇಳಿ, ಒಳಗೆ ಕೂಗಿ, ಡ್ರೈವರ್‌ಗೆ ಕೊಡುವ ಹಾಗೆ ಮೊದಲ ಚಾ ಅವಳ ಮುಂದೆ ಇಡಿಸಿದರು. ಎರಡನೆಯದು ನನಗೆ. ಸರೋಜ ಅದನ್ನು ನನ್ನ ಬಲಗಡೆಗೆ ಸರಿಸಿದಳು.

ಮಧ್ಯಾಹ್ನ ಮಿರ್ಜಾನ ಕೋಟೆ. ನಾನು ಅಷ್ಟೊಂದು ಶಿಫಾರಸು ಮಾಡಿದ್ದು ಸುಳ್ಳಾಗಲಿಲ್ಲ. ಮಳೆ ಕುಡಿದ ಕೆಂಪು ಕಲ್ಲಿನ ಗೋಡೆಗಳ ಮೇಲೆ ಹಸಿರು ಪಾಚಿ, ಮಖಮಲ್ಲು ಹೊದಿಸಿದ ಹಾಗೆ. ಸರೋಜ ಬಟ್ಟೆ ನೋಡುವವಳಂತೆ ಅಂಗೈಯಿಂದ ಸವರಿ, "ಇಂಥ ಬಣ್ಣ ನಮ್ಮ ಬಟ್ಟೆ ಅಂಗಡ್ಯಾಗ ಸಿಗಲ್ಲ" ಎಂದಳು. ಮೆಣಸಿನ ವ್ಯಾಪಾರ ಮಾಡಿ ಹೆಸರಾದ ರಾಣಿಯೊಬ್ಬಳು ಇಲ್ಲಿದ್ದಳಂತೆ. "ಅಂದ್ರ ಆಕೀನೂ ದುಡಿಯೋ ಹೆಂಗಸು" ಎಂದು ಸರೋಜ ಮೆಚ್ಚಿದಳು. ಬಾವಿಗಳ ಹತ್ತಿರ, ಮೆಟ್ಟಿಲುಗಳ ಹತ್ತಿರ ಬಂದಾಗಲೆಲ್ಲ ಅವಳು ನನ್ನ ಎಡಕ್ಕೆ ಬಂದಿರುತ್ತಿದ್ದಳು. ಕೈ ಹಿಡಿಯಲಿಲ್ಲ, ನಡೆಸಲಿಲ್ಲ, ಸುಮ್ಮನೆ ಆ ಕಡೆ ಇರುತ್ತಿದ್ದಳು. ಒಂದು ಸಲ ಅವಳು ನನ್ನ ಬಲಕ್ಕಾಗುವಂತೆ ನಾನೇ ಬೇಕೆಂದು ಹೊರಳಿ ನೋಡಿದೆ. ಹತ್ತು ಹೆಜ್ಜೆಯೊಳಗೆ ಮತ್ತೆ ಎಡಕ್ಕೆ ಬಂದಳು.

ಸಂಜೆ ಕುಮಟಾದ ದಂಡೆಗೆ ಹೋದೆವು. ಸರೋಜ ಸೀರೆ ಎತ್ತಿಕೊಂಡು ಮೊಣಕಾಲು ನೀರಿನಲ್ಲಿ ನಿಂತು, ಕಾಲಡಿಯ ಮರಳು ಜಾರುವುದನ್ನು ನೋಡುತ್ತಾ ಹೇಳಿದಳು:

"ಇದು ನೀವು ಹೇಳಿದಂಗೆ ಇಲ್ಲಲ್ರೀ. ಕೆರಿ ಅಂದಿದ್ರಿ. ಇದು ಉಸಿರಾಡ್ತೈತಿ."

ಘಾಟಿಯಲ್ಲಿ ಒಂದು ಹೇಳಿದ ಮೇಲೆ ಇನ್ನೊಂದನ್ನು ಯಾಕೆ ಇಟ್ಟುಕೊಳ್ಳಲಿ? "ನಾನೂ ಈಗ್ಲೇ ನೋಡ್ತಿರೋದು" ಎಂದೆ.

ಅವಳಿಗೆ ಅರ್ಥವಾಗಲು ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಹಿಡಿಯಿತು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಸೀರೆ ಬಿಟ್ಟುಬಿಟ್ಟಳು, ನಿರಿಗೆ ನೆನೆಯಿತು. "ಅಷ್ಟು ವರ್ಷ! ಮಲಗಿದ್ರಾ? ಅಷ್ಟು ವರ್ಷ ಮಲಗೇ ಇದ್ರಾ?" ದಂಡೆಯಲ್ಲಿ ಕೂತವರು ತಿರುಗಿ ನೋಡಿದರು. ಬೆಳಿಗ್ಗೆಯ ಸಿಟ್ಟಿನಲ್ಲಿ ಎಷ್ಟೋ ಪಾಲು ಆ ನಗೆಯಲ್ಲಿ ಹೋಯಿತೆಂದು ನನ್ನ ಅಂದಾಜು. ಪೂರ್ತಿ ಹೋಗಿರಲಿಲ್ಲ. ಊರಿಗೆ ಮರಳಿದ ಮೊದಲ ವಾರವೇ ಅವಳು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದು, ಕುರ್ಚಿ ಎಳೆದುಕೊಂಡು ಕೂತು, ಇನ್ನು ಮುಂದೆ ಹೇಳುವುದನ್ನೆಲ್ಲ ತನ್ನ ಎದುರೇ ಹೇಳಬೇಕೆಂದು ತಾಕೀತು ಮಾಡಿದಳು. ಬಲಗಣ್ಣನ್ನಾದರೂ ಉಳಿಸಿಕೊಳ್ಳಬಹುದು, ಸಕ್ಕರೆ ಹತೋಟಿಯಲ್ಲಿರಬೇಕು ಎಂದರು ಡಾಕ್ಟರು. ಈಗ ನನ್ನ ತಟ್ಟೆಯ ಅನ್ನವೂ ಅವಳ ಸ್ಟೀರಿಂಗ್‌ನಲ್ಲೇ ಇದೆ.

ಆದರೆ ಪ್ರವಾಸದ ಮಾತು ಮುಗಿಸಿಲ್ಲ. ಆಮೇಲಿನ ಎರಡು ದಿನ ದಕ್ಷಿಣಕ್ಕೆ ಇಳಿದೆವು. ಹೊನ್ನಾವರದ ಸೇತುವೆ ದಾಟುವಾಗ ಶರಾವತಿ ಕಡಲಿಗೆ ಹೊರಟಿದ್ದಳು, ಭಟ್ಕಳದಲ್ಲಿ ಹಳೆಯ ಕಲ್ಲಿನ ಬಸದಿಯ ನೆರಳಲ್ಲಿ ಕೂತು ಮಂಡಕ್ಕಿ ಡಬ್ಬಿ ಖಾಲಿ ಮಾಡಿದೆವು. ಸರೋಜ ಐವತ್ತರ ಮೇಲೆ ಹೋಗಲಿಲ್ಲ. ನಾನು ವೇಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಬೇಕೆನಿಸಿದಾಗ ಕಿಟಕಿಯ ಹೊರಗೆ ನೋಡಿದೆ.

ಮರವಂತೆ ಬಂದಾಗ ಹೊತ್ತು ಏರಿತ್ತು. ಅಲ್ಲಿ ರಸ್ತೆಯ ಬಲಕ್ಕೆ ಒಮ್ಮೆಲೇ ಸಮುದ್ರ ಹತ್ತಿರ ಬಂತು, ಎಷ್ಟು ಹತ್ತಿರವೆಂದರೆ ಕಿಟಕಿಯಿಂದ ಕೈ ಚಾಚಿದರೆ ಒದ್ದೆಯಾಗಬೇಕು. ಬೆಳ್ಳಗೆ ಹೊಳೆಯುತ್ತಿತ್ತು. ನಾನು ನನ್ನ ಕಣ್ಣಿನ ಪಾಲಿನದನ್ನೆಲ್ಲ ನೋಡಿದೆ. ನೋಡಿ ನೋಡಿ ತೃಪ್ತಿಯಾದ ಮೇಲೆ ಇನ್ನೊಂದು ಕಡೆಯ ನೆನಪಾಯಿತು. ಘಾಟಿಯಲ್ಲಿ ಅಷ್ಟೆಲ್ಲ ಹೇಳಿದ್ದೆ, ಆದರೆ ನನಗೆ ಕಾಣದ್ದನ್ನು ಕೇಳಿ ತಿಳಿಯುವುದನ್ನು ಇನ್ನೂ ಕಲಿತಿರಲಿಲ್ಲ. ಕತ್ತು ತಿರುಗಿಸಿದ್ದರೆ ಅದೂ ಕಾಣುತ್ತಿತ್ತು. ತಿರುಗಿಸಲಿಲ್ಲ.

"ಸರೋಜಾ, ಎಡಗಡೆ ಏನೈತೆ?" ಎಂದೆ.

ಅವಳು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದಳು. ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿದಳು.

"ಹೊಳಿ ಐತ್ರಿ. ಅಗಲ ಐತೆ, ಸುಮ್ಮನೆ ನಿಂತಂಗೆ ಐತೆ. ಆ ಕಡೆ ತೆಂಗಿನ ಮರ, ಅದರ ಹಿಂದೆ ಗುಡ್ಡ. ಗುಡ್ಡದ ಬಣ್ಣ... ಹೆಂಗೆ ಹೇಳ್ಲಿ, ತೊಳೆದು ತೊಳೆದು ಹಳೇದಾದ ನೀಲಿ ಲಂಗ ಇರ್ತದಲ್ರೀ, ಹಂಗೆ. ನೀರಾಗ ಒಂದು ದೋಣಿ. ಒಬ್ಬಾಕಿ ಬಿಸಿಲಿಗೆ ಕೊಡಿ ಹಿಡ್ಕೊಂಡು ಕುಂತಾಳ..."

ಹಿಂದಿನಿಂದ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಸರೋಜಳ ಮಾತು ನಿಂತಿತು.

"ದಾಟ್ಕೊಂಡು ಹೋಗ್ತಾನ ಬಿಡು" ಎಂದೆ. "ನೀ ಹೇಳು."